ಈಶಾನ್ಯ ಮೂಲೆಯ ಇಪ್ಪತ್ತು ಸಾವಿರ ವೋಲ್ಟು

ನೆಲದ ಕೆಳಗೆ ಕರೆಂಟಿನ ಕೇಬಲ್ ಇದೆ ಎಂದು ಹೇಳುವುದು ನನ್ನ ಕೆಲಸ. ಇಲ್ಲ ಎಂದು ಹೇಳುವುದು ಉಳಿದವರೆಲ್ಲರ ಕೆಲಸ. ಹನ್ನೊಂದು ವರ್ಷದಿಂದ ಇದು ಹೀಗೇ ನಡೆದಿದೆ.

ಹುಬ್ಬಳ್ಳಿಯಲ್ಲಿ ಸಿವಿಲ್ ಓದಿ ಬಂದವನು ನಾನು. ರೇಗನ್ಸ್‌ಬರ್ಗ್‌ನ ಒಂದು ಸಣ್ಣ ಕಂಪನಿಯಲ್ಲಿ, ಮಣ್ಣು ಅಗೆಯುವ ಮೊದಲು ಸುರಕ್ಷತೆ ನೋಡುತ್ತೇನೆ. ಈ ಊರಿನ ಕನ್ನಡಿಗರೆಲ್ಲ ಕಾರಿನ ಚಿಪ್, ಸಾಫ್ಟ್‌ವೇರು ಎಂದು ಹವಾನಿಯಂತ್ರಿತ ಕೋಣೆಗಳಲ್ಲಿದ್ದಾರೆ. ಗಣೇಶನ ಹಬ್ಬದ ದಿನ ಸೇರಿದಾಗ ನನ್ನ ಬೂಟು ನೋಡಿಯೇ ಗುರುತು ಹಿಡಿಯುತ್ತಾರೆ.

ಜರ್ಮನಿ ನಿಯಮಗಳ ದೇಶ ಎಂದು ಕೇಳಿದ್ದೆ. ಸುಳ್ಳಲ್ಲ. ಅಗೆಯುವ ಮೊದಲು ಕೇಬಲಿನ ನಕ್ಷೆ ತರಿಸಬೇಕು. ಪತ್ತೆಯಂತ್ರ ಹಿಡಿದು ಓಡಾಡಬೇಕು. ಗುರುತು ಹಾಕಬೇಕು. ಕೊನೆಗೆ, ಕೇಬಲ್ ಇರಬಹುದಾದ ಕಡೆ ಕೈಯಿಂದ ಒಂದು ಗುಂಡಿ ತೋಡಿ, ಅದನ್ನು ಕಣ್ಣಾರೆ ಕಾಣಬೇಕು. ಆಮೇಲೆ ಯಂತ್ರ. ಇದರಲ್ಲಿ ಮೊದಲ ಮೂರನ್ನು ಎಲ್ಲರೂ ಶ್ರದ್ಧೆಯಿಂದ ಮಾಡುತ್ತಾರೆ. ಅವುಗಳಿಗೆ ಬೆನ್ನು ಬಗ್ಗಿಸಬೇಕಾಗಿಲ್ಲ. ಕೈಗುಂಡಿಗೆ ನಮ್ಮ ಫಾರ್ಮಿನಲ್ಲಿ ಒಂದು ಚೌಕವಿದೆ, ಏಳನೆಯದು. ಅದಕ್ಕೂ ಟಿಕ್ ಹಾಕುತ್ತಾರೆ. ಗುಂಡಿ ತೋಡುವುದಕ್ಕಿಂತ ಟಿಕ್ ಹಾಕುವುದು ಬೇಗ ಆಗುತ್ತದೆ ಎಂಬುದನ್ನು ನಮ್ಮ ಕಂಪನಿ ಬಹಳ ಹಿಂದೆಯೇ ಕಂಡುಕೊಂಡಿದೆ.

ಒಂದು ಹುಬ್ಬಿನ ಮನುಷ್ಯ

ಮಣ್ಣು ಅಗೆಯುವ ಯಂತ್ರಕ್ಕೆ ಇಲ್ಲಿ ಬಾಗರ್ ಎನ್ನುತ್ತಾರೆ. ನಮ್ಮ ಬಾಗರ್ ಚಾಲಕರಿಗೆ ಅರವತ್ತರ ಹತ್ತಿರ. ನಿವೃತ್ತಿಗೆ ಇನ್ನೆರಡು ಬೇಸಿಗೆ ಬಾಕಿ. ಯೌವನದಲ್ಲಿ ಬೇರೆಲ್ಲೋ ಕೆಲಸ ಮಾಡುವಾಗ ಗುಂಡಿಗಿಳಿದು ಹಾರೆ ಹಾಕಿದ್ದರಂತೆ. ಹಾರೆ ಕೇಬಲಿಗೆ ತಗುಲಿತು. ಸೂರ್ಯ ಗುಂಡಿಯೊಳಗೆ ಬಿದ್ದ ಹಾಗಿತ್ತು ಎನ್ನುತ್ತಾರೆ. ವಾರಗಟ್ಟಲೆ ಆಸ್ಪತ್ರೆ. ಕಣ್ಣು ಉಳಿಯಿತು, ಕೈ ಉಳಿಯಿತು. ಎಡಗಡೆಯ ಹುಬ್ಬು ಮಾತ್ರ ಮತ್ತೆ ಬೆಳೆಯಲಿಲ್ಲ.

ಇಷ್ಟಾದ ಮೇಲೆ ಈ ಮನುಷ್ಯ ಹೆಜ್ಜೆಹೆಜ್ಜೆಗೂ ಹುಷಾರಾಗಿರುತ್ತಾರೆ ಎಂದು ನೀವು ತಿಳಿದರೆ, ನಾನೂ ಹಾಗೇ ತಿಳಿದಿದ್ದೆ. ಅವರ ಪ್ರಕಾರ ಆ ಅನುಭವದಿಂದ ಅವರಿಗೊಂದು ವಿದ್ಯೆ ಬಂದಿದೆ. ಬಕೆಟ್ಟು ಕೇಬಲಿನ ಹತ್ತಿರ ಹೋದರೆ ಅವರ ಬೆರಳಿಗೆ ತಿಳಿಯುತ್ತದೆ. ನಾನೊಮ್ಮೆ ಕೇಳಿದೆ, ಎಷ್ಟು ಹತ್ತಿರ ಹೋದಾಗ ತಿಳಿಯುತ್ತದೆ ಎಂದು.

"ಮುಟ್ಟಿದ ಕೂಡಲೇ," ಎಂದರು.

ಇವರು ಇನ್ನೆರಡು ಬೇಸಿಗೆ ಕಳೆದು, ಎರಡು ಕೈ, ಎರಡು ಕಣ್ಣು, ಒಂದು ಹುಬ್ಬು ಸಮೇತ ಮನೆಗೆ ಹೋಗಬೇಕು. ನನ್ನ ಕೆಲಸದ ವಿವರಣೆ ನಾಲ್ಕು ಪುಟವಿದೆ. ಅದರ ಅರ್ಥ ಇಷ್ಟೇ.

ಕೆರೆ

ಒಂದು ಹಳ್ಳಿಯ ಗಾರ್ಟನ್‌ಸ್ಟ್ರಾಸೆಯಲ್ಲಿ, ಅಂದರೆ ತೋಟದ ಬೀದಿಯಲ್ಲಿ, ನೀರಿನ ಕೊಳವೆ ಹಾಕುವ ಕೆಲಸ. ಕೇಬಲಿನ ನಕ್ಷೆ ಬಂತು. ನಮ್ಮ ಸೈಟ್ ಮ್ಯಾನೇಜರ್ ಸಾಹೇಬರು ಅದನ್ನು ಪ್ಲಾಸ್ಟಿಕ್ಕಿನೊಳಗೆ ಹಾಕಿಸಿ ಕಂಬಕ್ಕೆ ತೂಗುಹಾಕಿದರು. ಅವರ ಸಹಿ, ಗುತ್ತಿಗೆದಾರರ ಸಹಿ, ಮೇಲ್ವಿಚಾರಕರ ಸಹಿ, ಎಲ್ಲ ಇದ್ದವು. ನನ್ನ ಸಹಿಯ ಜಾಗ ಖಾಲಿ ಇತ್ತು. ನಾನು ರಜೆಯಲ್ಲಿದ್ದು, ನಾಲ್ಕನೆಯ ದಿನ ಮರಳಿದೆ.

ನಕ್ಷೆ ನೋಡಿದೆ. ಬೀದಿಯ ಕೊನೆಗೆ ಒಂದು ಕೆರೆ ಇತ್ತು. ಬೀದಿ ನೋಡಿದೆ. ಕೊನೆಗೆ ಒಂದು ಬೇಕರಿ ಇತ್ತು.

ಇದನ್ನು ಸಾಹೇಬರ ಗಮನಕ್ಕೆ ತಂದೆ. ಅವರು ನಕ್ಷೆಯನ್ನು ಒಮ್ಮೆ, ಬೇಕರಿಯನ್ನು ಒಮ್ಮೆ ನೋಡಿ, ಕೆರೆ ಬತ್ತಿರಬಹುದು ಎಂದರು.

ಈ ದೇಶದಲ್ಲಿ ಊರಿಗೊಂದು ಗಾರ್ಟನ್‌ಸ್ಟ್ರಾಸೆ ಇದೆ. ನಮಗೆ ಬಂದದ್ದು ನಲವತ್ತು ಕಿಲೋಮೀಟರ್ ಆಚೆಯ ಊರಿನ ನಕ್ಷೆ. ಮೂರು ದಿನ ಅದನ್ನು ನಂಬಿ ಅಗೆದಿದ್ದರು. ಏನೂ ಆಗಿರಲಿಲ್ಲ. ನಾನು ಕೆಲಸ ನಿಲ್ಲಿಸಿದೆ. ಸರಿಯಾದ ನಕ್ಷೆ ಬರುವವರೆಗೆ ಎರಡು ದಿನ ಕಾಯಬೇಕಾಯಿತು. ವಿಳಂಬದ ಕಾರಣ ಬರೆಯುವ ಜಾಗದಲ್ಲಿ ಸಾಹೇಬರು ನನ್ನ ಹೆಸರು ಬರೆದರು.

ಹಗಲು ದೀಪ

ಪತ್ತೆಯಂತ್ರದ ಬಗ್ಗೆ ಒಂದು ಮಾತು. ಅದು ಓಡುತ್ತಿರುವ ಕರೆಂಟನ್ನು ಕೇಳಿಸಿಕೊಂಡು ಕೂಗುತ್ತದೆ. ಬೀದಿದೀಪದ ಕೇಬಲಿನಲ್ಲಿ ಹಗಲು ಕರೆಂಟು ಓಡುವುದಿಲ್ಲ, ಹಾಗಾಗಿ ಹಗಲಿನಲ್ಲಿ ಯಂತ್ರ ಅದರ ಮೇಲೆ ನಿಂತರೂ ಸುಮ್ಮನಿರುತ್ತದೆ. ನಾವು ಅಗೆಯುವುದು ಹಗಲಿನಲ್ಲಿ.

ದೀಪ ನೋಡಿಕೊಳ್ಳುವ ಕಚೇರಿಗೆ ಪತ್ರ ಬರೆದೆ: ದಯವಿಟ್ಟು ಒಂದು ಗಂಟೆ ಹಗಲಿನಲ್ಲಿ ಈ ಬೀದಿಯ ದೀಪ ಹಾಕಿ. ಹಗಲಿನಲ್ಲಿ ದೀಪ ಉರಿಸುವುದು ವಿದ್ಯುತ್ತಿನ ಪೋಲು, ಕಾರಣ ಸಹಿತ ಅರ್ಜಿ ಸಲ್ಲಿಸಿ ಎಂದು ಉತ್ತರ ಬಂತು. ಸಲ್ಲಿಸಿದೆ. ಅರ್ಜಿಯ ಜೊತೆ ಬೀದಿಯ ಫೋಟೋ ಇಲ್ಲ ಎಂದರು. ಕಳಿಸಿದೆ. ಫೋಟೋದಲ್ಲಿ ದೀಪದ ಕಂಬದ ಸಂಖ್ಯೆ ಕಾಣುವುದಿಲ್ಲ ಎಂದರು. ಮತ್ತೆ ಕಳಿಸಿದೆ. ಅಷ್ಟರಲ್ಲಿ ಸಾಹೇಬರು ದಿನಾ ಬೆಳಿಗ್ಗೆ ಗಡಿಯಾರ ನೋಡಿ ನನ್ನ ಮುಖ ನೋಡುತ್ತಿದ್ದರು.

ನಾಲ್ಕನೆಯ ವಾರ ಮಂಜೂರಾತಿ ಬಂತು, ಮೊಹರು ಸಮೇತ. ವಿದ್ಯುತ್ ಪೋಲಾಗಬಾರದು ಎಂಬುದನ್ನು ಗಮನದಲ್ಲಿಟ್ಟು, ದೀಪಗಳನ್ನು ಸಂಜೆ ಏಳರಿಂದ ಎಂಟರವರೆಗೆ ಉರಿಸಲು ಅನುಮತಿ ನೀಡಲಾಗಿತ್ತು. ಅದು ನವೆಂಬರ್. ಐದಕ್ಕೇ ಎಲ್ಲ ದೀಪ ತಾವಾಗಿ ಹತ್ತುತ್ತಿದ್ದವು.

ಏಳಕ್ಕೆ ಯಂತ್ರ ಹಿಡಿದು ಹೋದೆ. ಕಚೇರಿಯಿಂದಲೂ ಒಬ್ಬರು ಬಂದಿದ್ದರು. ಕಂಬದ ಕೆಳಗೆ ನಿಂತು ತಲೆಯೆತ್ತಿ ನೋಡಿದರು, ದೀಪ ಉರಿಯುತ್ತಿದೆ ಎಂದು ಬರೆದುಕೊಂಡರು, ಸಹಿ ಹಾಕಿಸಿಕೊಂಡು ಹೋದರು.

ನೆಟ್ಟಗಿನ ಸಾಲು

ಇನ್ನೊಂದು ಬೀದಿ. ಹುಲ್ಲಿನ ಮೇಲೆ ಕೇಬಲಿನ ದಾರಿಗೆ ಸರಿಯಾಗಿ ಕೆಂಪು ಬಾವುಟದ ಗೂಟಗಳನ್ನು ನೆಟ್ಟು ಮನೆಗೆ ಹೋದೆ. ಮರುದಿನ ಬಾಗರ್ ಚಾಲಕರು ನನಗಿಂತ ಮೊದಲು ಬಂದು, ಬಾವುಟಗಳಿಂದ ದೂರ, ಶಿಸ್ತಾಗಿ ಅಗೆಯಲು ಶುರುಮಾಡಿದ್ದರು. ಕೇಬಲಿನ ಮೇಲೆ ಹೂಳುವ ಎಚ್ಚರಿಕೆಯ ಹಳದಿ ಪಟ್ಟಿ ಬಕೆಟ್ಟಿಗೆ ಸಿಕ್ಕಿಕೊಂಡು ಮೇಲೆ ಬಂತು. ಪಟ್ಟಿಯ ಕೆಳಗೆ ಒಂದು ಗೇಣಿನಲ್ಲಿ ಕೇಬಲ್. ಅವರು ಯಂತ್ರ ನಿಲ್ಲಿಸಿದರು. ನಾನು ಬಂದಾಗ ಒಳಗೇ ಕೂತಿದ್ದರು. ಬೆರಳಿಗೆ ಏನಾದರೂ ತಿಳಿಯಿತೇ ಎಂದು ನಾನು ಕೇಳಲಿಲ್ಲ.

ಬಾವುಟಗಳನ್ನು ನೋಡಿದೆ. ನಾನು ನೆಟ್ಟಾಗ ಸಾಲು ಬೀದಿಯ ನಡುವೆ ಬಾಗಿತ್ತು, ಕೇಬಲ್ ಬಾಗಿದ್ದರಿಂದ. ಈಗ ದಾರ ಹಿಡಿದು ನೆಟ್ಟ ಹಾಗೆ ನೇರವಾಗಿತ್ತು. ಎದುರು ಮನೆಯ ಅಜ್ಜಿ ಕಿಟಕಿಯಿಂದ ನೋಡುತ್ತಿದ್ದರು. ವಿಚಾರಿಸಿದೆ.

"ಸಾಲು ಸೊಟ್ಟಗಿತ್ತು. ನಿನ್ನೆ ಸಂಜೆ ಸರಿಮಾಡಿದೆ," ಎಂದರು. ಅಂತರವನ್ನೂ ಅಳತೆಪಟ್ಟಿಯಿಂದ ಅಳೆದಿದ್ದರಂತೆ.

ಇದರಿಂದ ಒಬ್ಬ ಮನುಷ್ಯ ಸಾಯಬಹುದಿತ್ತು ಎಂದು ವಿವರಿಸಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು. ಹಾಗಾದರೆ ಕೇಬಲನ್ನು ಮೊದಲೇ ನೆಟ್ಟಗೆ ಹಾಕಬೇಕಿತ್ತು ಎಂದರು.

ಈಶಾನ್ಯ

ಇನ್ನು ಬಾಗಲಕೋಟೆಯವರ ಮನೆ.

ರೇಗನ್ಸ್‌ಬರ್ಗ್‌ನ ಕಾರಿನ ಬಿಡಿಭಾಗದ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿರುವ ನಮ್ಮ ಬಾಗಲಕೋಟೆಯ ಗೃಹಸ್ಥರೊಬ್ಬರು ಪಕ್ಕದ ಹಳ್ಳಿಯಲ್ಲಿ ಜಾಗ ಕೊಂಡರು. ಅಡಿಪಾಯ ತೋಡುವ ಕೆಲಸ ನಮ್ಮ ಕಂಪನಿಗೆ ಬಂತು. ಜಾಗದ ಈಶಾನ್ಯ ಮೂಲೆ ರಸ್ತೆಗೆ ತಾಗಿಕೊಂಡಿದೆ. ಆ ರಸ್ತೆಯಲ್ಲಿ ಇಪ್ಪತ್ತು ಸಾವಿರ ವೋಲ್ಟಿನ ಒಂದು ಹಳೆಯ ಕೇಬಲ್ ಹೋಗುತ್ತದೆ. ನಕ್ಷೆಯ ಪ್ರಕಾರ ರಸ್ತೆಯ ಆಚೆ ಬದಿಗೆ. ನನ್ನ ಯಂತ್ರ ಮಾತ್ರ ಈಚೆ ಬದಿಗೆ, ಅದೇ ಮೂಲೆಯಲ್ಲಿ, ಕ್ಷೀಣವಾಗಿ ಕೂಗಿತು.

ಕೈಗುಂಡಿ ತೋಡಿ ನೋಡಬೇಕು ಎಂದೆ. ಇಬ್ಬರು ಆಳು, ಅರ್ಧ ದಿನ. ಸಾಹೇಬರು ಒಪ್ಪಲಿಲ್ಲ. ಕೇಬಲ್ ಆಚೆ ಇದೆ ಎಂದು ನಕ್ಷೆಯೇ ಹೇಳುತ್ತಿರುವಾಗ ಈಚೆ ಹುಡುಕುವುದು ನಕ್ಷೆಗೆ ಅವಮಾನ ಎನ್ನುವಂತೆ ಮಾತಾಡಿದರು. ಅದೇ ನಕ್ಷೆಯ ಕೆಳಗೆ, ಇದನ್ನು ನಂಬಬೇಡಿ, ಕೈಯಿಂದ ತೋಡಿ ಖಚಿತಪಡಿಸಿಕೊಳ್ಳಿ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಓದಿ ತೋರಿಸಿದೆ. ಅದು ಎಲ್ಲ ನಕ್ಷೆಯಲ್ಲೂ ಇರುತ್ತದೆ ಎಂದರು. ಮೂರು ವಾರ ಹೀಗೇ ನಡೆಯಿತು. ನಾನು ಸಹಿ ಹಾಕಲಿಲ್ಲ. ಕೊನೆಗೆ ಅವರು ಹೇಳಿದ್ದು ಇಷ್ಟು: ಸೋಮವಾರ ಬೆಳಿಗ್ಗೆ ಏಳಕ್ಕೆ ಬಾಗರ್ ಆ ಮೂಲೆಯಿಂದಲೇ ಶುರುಮಾಡುತ್ತದೆ, ನಾನು ಸಹಿ ಹಾಕದಿದ್ದರೆ ಹಾಕುವವರು ಬೇರೆ ಇದ್ದಾರೆ. ಬಾಗರಿನಲ್ಲಿ ಕೂರುವವರು ಯಾರು ಎಂದು ಕೇಳಿದೆ. ಯಾವಾಗಲೂ ಕೂರುವವರೇ ಎಂದರು.

ಶನಿವಾರ ಗುದ್ದಲಿ ಪೂಜೆ ಇತ್ತು. ಗೃಹಸ್ಥರ ತಾಯಿ ಅದಕ್ಕೆಂದೇ ಬಾಗಲಕೋಟೆಯಿಂದ ಬಂದಿದ್ದರು. ಸೂಟ್‌ಕೇಸಿನಲ್ಲಿ ಚಕ್ಕಲಿ, ಶೇಂಗಾ ಹೋಳಿಗೆಗಳ ನಡುವೆ ಒಂದು ಕಬ್ಬಿಣದ ಗುದ್ದಲಿ. ಅದರ ಮರದ ಕಾವು ಮಾತ್ರ ಇಲ್ಲಿಯ ಅಂಗಡಿಯಲ್ಲಿ ಕೊಂಡಿದ್ದರು. ನನಗೂ, ಸಾಹೇಬರಿಗೂ, ಬಾಗರ್ ಚಾಲಕರಿಗೂ ಆಮಂತ್ರಣವಿತ್ತು. ಯಂತ್ರ ಆಗಲೇ ಬಂದು ಮೂಲೆಯಲ್ಲಿ ನಿಂತಿತ್ತು.

ಪೂಜೆ ಎಲ್ಲಿ ಎಂದು ಕೇಳಿದೆ.

"ಈಶಾನ್ಯಕ್ಕ," ಎಂದರು ಅಮ್ಮ. "ಮತ್ತೆಲ್ಲಿ ಮಾಡ್ತಾರ?"

ಗುದ್ದಲಿ ನೋಡಿದೆ. ಕೇಬಲಿನ ಹತ್ತಿರ ಚೂಪಾದ ಕಬ್ಬಿಣ ಎತ್ತಬಾರದು ಎಂಬುದು ಮೊದಲ ಪಾಠ. ಕೈಯಿಂದ ತೋಡುವಾಗಲೂ ಮೊಂಡು ಸಲಿಕೆಯೇ. ಆ ಗುದ್ದಲಿಯ ಮೊನೆ ಮಿಂಚುತ್ತಿತ್ತು. ಹಿಂದಿನ ದಿನ ಮಸೆಸಿದ್ದರಂತೆ. ಸಲಿಕೆಯಿಂದ ಅಗೆಯೋಣ ಎಂದು ಅಮ್ಮನಿಗೆ ಹೇಳಿದೆ.

"ಸಲಿಕಿಲೆ ಅಗದ್ರ ಅದು ಗುದ್ದಲಿ ಪೂಜಿ ಹ್ಯಾಂಗ ಆಕ್ಕೈತಿ, ತಮ್ಮಾ?"

ಪೂಜೆ ಗುದ್ದಲಿಗೆ ಮಾಡಿರಿ, ಅಗೆಯುವುದು ಸಲಿಕೆಯಿಂದ ಎಂದೆ. ಅಮ್ಮ ವಿಚಾರ ಮಾಡಿದರು. ಗುದ್ದಲಿಯನ್ನು ಮೂರು ಸಲ ಹುಲ್ಲಿಗೆ ಮುಟ್ಟಿಸಿ ಎತ್ತಿಡುವುದು ಎಂದು ಒಪ್ಪಂದವಾಯಿತು. ಸಾಹೇಬರ ಜೊತೆ ಮೂರು ವಾರದಲ್ಲಿ ಆಗದ್ದು ಇಲ್ಲಿ ಮೂರು ನಿಮಿಷದಲ್ಲಿ ಆಯಿತು.

ಅರಿಶಿಣ, ಕುಂಕುಮ, ಊದುಬತ್ತಿ, ಕಾಯಿ ಎಲ್ಲ ಮುಗಿಯಿತು. ಸಾಹೇಬರು ಗಡಿಯಾರ ನೋಡಿದರು. ಗಿರಾಕಿಗೆ ಉಪಕಾರ ಮಾಡುವ ಉತ್ಸಾಹದಲ್ಲಿ, ಯಂತ್ರ ಹೇಗೂ ಇಲ್ಲೇ ಇದೆ, ಮೊದಲ ಮಣ್ಣನ್ನು ಬಾಗರ್ ಎತ್ತಲಿ ಎಂದರು. ಚಾಲಕರು ಆಗಲೇ ಹತ್ತಿ ಕೂತು ಗಾಡಿ ಶುರುಮಾಡಿದ್ದರು. ಬಕೆಟ್ಟು ಮೇಲೆದ್ದಿತು. ನಾನು ಬೇಡ ಎಂದು ಜರ್ಮನ್ನಿನಲ್ಲಿ ಕೂಗಿದೆ. ನಾನು ಬೇಡ ಎನ್ನುವುದು ಅವರಿಗೆ ಹನ್ನೊಂದು ವರ್ಷದಿಂದ ರೂಢಿಯಾಗಿತ್ತು.

ಅಮ್ಮ ಎದ್ದರು. ರೇಷ್ಮೆ ಸೀರೆಯ ಮೇಲೆ ಚಳಿಗೆ ಮಗನ ಜಾಕೆಟ್ಟು. ಬಕೆಟ್ಟಿನ ಮುಂದೆ ಹೋಗಿ, ಬಸ್ಸು ನಿಲ್ಲಿಸುವಂತೆ ಕೈ ಅಡ್ಡ ಹಿಡಿದರು.

"ಮಶಿನ್ ಹಚ್ಚಬ್ಯಾಡ್ರಿ. ಮೊದಲ ಕೈಲೆ ಅಗೀಬೇಕು. ಒಂದು ಮೊಳ ಕೈಲೆ ತೋಡಿ, ಆಮ್ಯಾಲೆ ನಿಮ್ಮ ಮಶಿನ್."

ಬಾಗರ್ ನಿಂತಿತು. ಏನು ಹೇಳುತ್ತಿದ್ದಾರೆ ಎಂದು ಸಾಹೇಬರು ನನ್ನನ್ನು ಕೇಳಿದರು.

ನಾನು ಅನುವಾದ ಮಾಡಿದೆ. ಮೊದಲು ಕೈಯಿಂದಲೇ ಅಗೆಯಬೇಕು ಎನ್ನುತ್ತಿದ್ದಾರೆ. ಯಂತ್ರ ಕೂಡದು ಎನ್ನುತ್ತಿದ್ದಾರೆ. ಅಗಲ ಎರಡು ಮೀಟರ್, ಆಳ ಒಂದೂಕಾಲು ಮೀಟರ್ ಎನ್ನುತ್ತಿದ್ದಾರೆ. ಅದಕ್ಕಿಂತ ಆಳವಾದರೆ ಗುಂಡಿಯ ಗೋಡೆಗೆ ಆಸರೆ ಕೊಡಬೇಕೆಂಬ ನಿಯಮವಿದೆ. ಸುಳ್ಳು ಹೇಳುವಾಗಲೂ ನಾನು ನಿಯಮ ಮೀರುವುದಿಲ್ಲ.

ಒಂದೂಕಾಲು ಮೀಟರೇ ಎಂದರು ಸಾಹೇಬರು. ಧರ್ಮದ ವಿಷಯ ಎಂದೆ. ಅವರು ಕೋಟು ಬಿಚ್ಚಿದರು.

ನನ್ನ ಮಾತಿಗೆ ಇಬ್ಬರು ಆಳು ಕೊಡದವರು, ಅಮ್ಮನ ಮಾತಿಗೆ ತಾವೇ ಸಲಿಕೆ ಹಿಡಿದರು. ಗೃಹಸ್ಥರು, ಅವರ ಹೆಂಡತಿ, ಬಂದ ನೆಂಟರು ಎಲ್ಲ ಒಂದೊಂದು ಸಲಿಕೆ ಮಣ್ಣು ಎತ್ತಿ ಕೈ ತೊಳೆದರು. ಉಳಿದದ್ದನ್ನು ಸಾಹೇಬರು ಮತ್ತು ನಾನು. ಚುಚ್ಚಬೇಡಿ, ಪದರ ಪದರವಾಗಿ ಕೆರೆಯಿರಿ ಎಂದರೆ ಹಾಗೇ ಕೆರೆದರು. ಇದೂ ಶಾಸ್ತ್ರ ಎಂದು ತಿಳಿದಿರಬೇಕು. ಅವರ ಎತ್ತರ ಹತ್ತಿರ ಹತ್ತಿರ ಎರಡು ಮೀಟರ್. ಮೊಣಕಾಲು ಮುಳುಗಿದಾಗ ಅಮ್ಮ ಬಗ್ಗಿ ನೋಡಿದರು.

"ತಮ್ಮಾ, ನಾ ಒಂದು ಮೊಳ ಅಂದಿದ್ದೆ. ಇವರು ಬಾವಿ ತೋಡಾಕ ಹತ್ಯಾರಲ್ಲ."

"ಇಲ್ಲಿ ಮೊಳ ಸ್ವಲ್ಪ ದೊಡ್ಡದೈತ್ರಿ, ಅಮ್ಮಾರ."

ಅಮ್ಮ ಸಾಹೇಬರ ಕೈ ನೋಡಿದರು. "ಹೌದ ಬಿಡು. ಕೈ ಉದ್ದ ಅದಾವ."

ಇನ್ನೊಂದು ಗೇಣು ಹೋಗುವಷ್ಟರಲ್ಲಿ ಸಲಿಕೆಗೆ ಏನೋ ತಾಗಿ ಟಕ್ ಎಂದಿತು. ಸಾಹೇಬರನ್ನು ಮೇಲೆ ಕಳಿಸಿ, ನಾನು ಕೈಗವಸು ಹಾಕಿ ಮಣ್ಣು ಸರಿಸಿದೆ. ಕೆಂಪು ಇಟ್ಟಿಗೆ, ಅದರ ಪಕ್ಕ ಇನ್ನೊಂದು, ಮತ್ತೊಂದು. ನೇರ ಸಾಲು. ಹಿಂದಿನ ಕಾಲದಲ್ಲಿ ಇಲ್ಲಿ ದೊಡ್ಡ ಕೇಬಲಿನ ಮೇಲೆ ಹೀಗೆ ಇಟ್ಟಿಗೆ ಹೊದಿಸುತ್ತಿದ್ದರು.

ಅಮ್ಮನಿಗೆ ಬಹಳ ಸಂತೋಷವಾಯಿತು. "ನೋಡ್ರಿ, ಇಟ್ಟಂಗಿ ಹಾಸ್ಯಾರ. ನಮಗಿಂತ ಮೊದಲ ಯಾರೋ ಇಲ್ಲಿ ಪೂಜಿ ಮಾಡ್ಯಾರ."

ಬಾಗರ್ ಚಾಲಕರು ಕೆಳಗಿಳಿದು ಬಂದು ಗುಂಡಿಯ ಅಂಚಿಗೆ ನಿಂತರು. ಅಂಚಿನಲ್ಲಿ ಊರಿ ನಿಲ್ಲಿಸಿದ್ದ ಬಕೆಟ್ಟಿನ ಹಲ್ಲು ಸರಿಯಾಗಿ ಆ ಸಾಲಿಗೇ ಮುಖ ಮಾಡಿತ್ತು. ಅವರು ಅದನ್ನು ನೋಡಿದರು, ಇಟ್ಟಿಗೆ ನೋಡಿದರು, ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಅಮ್ಮನ ಕಡೆ ತಿರುಗಿ ತಲೆ ಬಗ್ಗಿಸಿದರು. ಅಮ್ಮ ಅವರ ಹಣೆಗೆ ಕುಂಕುಮ ಹಚ್ಚಿ, ಒಂದು ಹುಬ್ಬು ಎಲ್ಲಿ ಹೋಯಿತೆಂದು ನನ್ನನ್ನು ಕೇಳಿದರು. ಹೇಳಿದೆ. ಅಮ್ಮ ಚಾಲಕರಿಗೆ ಒಂದು ಶೇಂಗಾ ಹೋಳಿಗೆಯ ಬದಲು ಎರಡು ಕೊಟ್ಟರು.

ಕೇಬಲಿನ ಕಂಪನಿಯವರು ಬಂದು ನೋಡಿದರು. ಅದೇ ಕೇಬಲ್. ಕರೆಂಟು ಓಡುತ್ತಿತ್ತು. ನಕ್ಷೆ ತಪ್ಪಲ್ಲವೇ ಎಂದು ಕೇಳಿದೆ. ನಕ್ಷೆ ಸರಿಯಾಗಿದೆ, ಕೇಬಲ್ ತಪ್ಪು ಜಾಗದಲ್ಲಿದೆ ಎಂದು ಬರೆದುಕೊಂಡು ಹೋದರು.

ಎಂಟನೆಯ ಚೌಕ

ಮುಂದಿನ ಕೆಲಸ ಒಂದು ಸೂಪರ್ ಮಾರ್ಕೆಟ್ಟಿನ ಕಾರು ನಿಲ್ಲಿಸುವ ಜಾಗ. ಅಲ್ಲಿ ಬಾಗಲಕೋಟೆಯವರು ಯಾರೂ ಇರಲಿಲ್ಲ. ಬೆಳಿಗ್ಗೆ ಏಳಕ್ಕೆ ಬಾಗರ್ ಚಾಲಕರು ಯಂತ್ರ ಹತ್ತಲಿಲ್ಲ. ಕೈಯಲ್ಲಿ ಒಂದು ತೆಂಗಿನಕಾಯಿ ಹಿಡಿದು ನಿಂತಿದ್ದರು.

"ಮೊದಲು ಕಾಯಿ," ಎಂದರು. "ಆಮೇಲೆ ಕೈಗುಂಡಿ. ಆಮೇಲೆ ನಾನು."

ಸಾಹೇಬರು ನನ್ನನ್ನು ನೋಡಿದರು. ಅವರು ಇಬ್ಬರು ಆಳುಗಳನ್ನು ಕರೆಸಿದರು. ಕೈಯಿಂದ ತೋಡಿ ಎಂಬ ನಿಯಮ ನಮ್ಮ ಕಚೇರಿಯ ಗೋಡೆಯಲ್ಲಿ ನಾಲ್ಕು ಭಾಷೆಯಲ್ಲಿ ತೂಗುತ್ತಿದೆ, ಯಾರೂ ಕೇಳಲಿಲ್ಲ. ಅಮ್ಮ ಒಂದೇ ಭಾಷೆಯಲ್ಲಿ ಹೇಳಿದರು. ಅದು ಅಲ್ಲಿದ್ದ ಜರ್ಮನರಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ, ಎಲ್ಲರೂ ಕೇಳಿದರು. ಇದರ ಬಗ್ಗೆ ನನಗೆ ಸಿಟ್ಟು ಇಲ್ಲ ಎಂದು ಹೇಳಲಾರೆ.

ಒಂದು ಕೆಲಸ ಎರಡು ಸಲ ಆದರೆ ಇಲ್ಲಿ ಅದು ಫಾರ್ಮಿಗೆ ಸೇರುತ್ತದೆ. ಏಳನೆಯ ಚೌಕದ ಕೆಳಗೆ ಎಂಟನೆಯದು ಬಂತು: ತೆಂಗಿನಕಾಯಿ, ಹೌದು ಅಥವಾ ಇಲ್ಲ. ಏಳನೆಯದಕ್ಕೆ ಹಿಂದೆ ಗುಂಡಿ ತೋಡದೆ ಟಿಕ್ ಹಾಕುತ್ತಿದ್ದರಲ್ಲ, ಎಂಟನೆಯದಕ್ಕೆ ಹಾಗೆ ಹಾಕಲು ಯಾರಿಗೂ ಧೈರ್ಯ ಬರಲಿಲ್ಲ. ಕಾಯಿ ಒಡೆಯಲೇಬೇಕು. ಕಾಯಿ ಒಡೆದ ಮೇಲೆ ಗುಂಡಿ ತೋಡದೆ ಚಾಲಕರು ಗಾಡಿ ಹತ್ತುವುದಿಲ್ಲ. ಹೀಗಾಗಿ ಏಳನೆಯದೂ ನಿಜವಾಯಿತು.

ಕಳೆದ ತಿಂಗಳು ಹೊರಗಿನಿಂದ ತನಿಖಾಧಿಕಾರಿಯೊಬ್ಬರು ಬಂದರು. ನಾನು ಕೈಗುಂಡಿಗಳ ಫೋಟೋ, ಅಳತೆ, ಎಲ್ಲ ಜೋಡಿಸಿಟ್ಟಿದ್ದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಬಳಿ ತೋರಿಸಲು ಏನಾದರೂ ಇತ್ತು. ಅವರು ಏಳನೆಯ ಚೌಕವನ್ನು ಓದದೆ ದಾಟಿದರು. ಎಂಟರಲ್ಲಿ ನಿಂತರು. ಇದನ್ನು ಹೇಗೆ ಮಾಡುತ್ತೀರಿ, ತೋರಿಸಿ ಎಂದರು. ಚಾಲಕರು ಕಾಯಿ ಎತ್ತಿ ಕಲ್ಲಿಗೆ ಹೊಡೆದು ತೋರಿಸಿದರು. ಅಧಿಕಾರಿ ವರದಿಯಲ್ಲಿ ಒಂದೇ ಒಂದು ಲೋಪ ಬರೆದರು: ಕಾಯಿ ಒಡೆಯುವಾಗ ಕಣ್ಣಿಗೆ ರಕ್ಷಣೆಯ ಕನ್ನಡಕ ಧರಿಸಿರಲಿಲ್ಲ.

ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಇಪ್ಪತ್ತು ಸಾವಿರ ವೋಲ್ಟಿನ ಬಗ್ಗೆ ಒಂದು ಪ್ರಶ್ನೆ ಇಲ್ಲ, ತೆಂಗಿನಕಾಯಿಯ ಚೂರಿನ ಬಗ್ಗೆ ಅರ್ಧ ಪುಟ ಎಂದು ಕೂಗಾಡಿದೆ. ಬಾಗರ್ ಚಾಲಕರು ಆಗಲೇ ಸ್ಟೋರಿನಿಂದ ಕನ್ನಡಕ ತಂದು ಹಾಕಿಕೊಂಡು, ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದರು.

"ಅವರು ಹೇಳಿದ್ದು ಸರಿ," ಎಂದರು. "ನನಗೆ ಉಳಿದಿರುವುದು ಒಂದೇ ಹುಬ್ಬು."